ಹಳೆಯ ಕಾರಿನ ಆನ್‌ಲೈನ್ ಹರಾಜು: ಬೆಲೆ ಏರಿಸುವವನು ಮಾರಾಟಗಾರನೇ?

ಹಳೆಯ ಕಾರೊಂದು ಅಂತರ್ಜಾಲದಲ್ಲಿ ಹರಾಜಿಗೆ ಬಂದಿದೆ ಎಂದು ಭಾವಿಸಿ. 2.20 ಲಕ್ಷ ರೂಪಾಯಿಯಲ್ಲಿದ್ದ ಬೆಲೆ ಕೊನೆಯ ದಿನ ಐದೈದು ಸಾವಿರದಂತೆ ಏರಿ 2.95 ಲಕ್ಷಕ್ಕೆ ನಿಲ್ಲುತ್ತದೆ. ಪೈಪೋಟಿಗೆ ಇಳಿದವರು ಯಾರು? ಕೆಲವೊಮ್ಮೆ ಆ ಎದುರಾಳಿ ಸ್ವತಃ ಮಾರಾಟಗಾರ, ಇಲ್ಲವೇ ಅವನ ಕಡೆಯವನು.

'ಶಿಲ್ ಬಿಡ್ಡಿಂಗ್' ಎನ್ನಲಾಗುವ ಈ ತಂತ್ರ ಹೊಸದೇನಲ್ಲ. ಗುಂಪಿನ ನಡುವೆ ತನ್ನವನೊಬ್ಬನನ್ನು ನಿಲ್ಲಿಸಿ ಹರಾಜು ಕೂಗಿಸುವ ಚಾಳಿ ಹಿಂದಿನಿಂದಲೂ ಇದೆ. ಅಲ್ಲಿ ಮುಖವಾದರೂ ಕಾಣುತ್ತದೆ. ಇಲ್ಲಿ ಅರ್ಧ ಮರೆಮಾಚಿದ ಹೆಸರು ಮಾತ್ರ.

ಇ-ಬೇಯಂತಹ ತಾಣಗಳಲ್ಲಿ ಖರೀದಿದಾರರು ತಮ್ಮ ಗರಿಷ್ಠ ಮೊತ್ತವನ್ನು ಗುಟ್ಟಾಗಿ ನಮೂದಿಸುತ್ತಾರೆ. ಎದುರಾಳಿ ಬೆಲೆ ಏರಿಸಿದಂತೆಲ್ಲ ಗಣಕವೇ ಅವರ ಪರವಾಗಿ ಅಗತ್ಯವಿದ್ದಷ್ಟು ಏರಿಸುತ್ತಾ ಹೋಗುತ್ತದೆ. ನಕಲಿ ಬಿಡ್‌ದಾರನಿಗೆ ಬೇಕಾಗಿರುವುದು ಆ ಗುಟ್ಟಿನ ಮೊತ್ತ. ಸ್ವಲ್ಪ ಸ್ವಲ್ಪವೇ ಏರಿಸುತ್ತಾ ಆತ ಮಿತಿಯನ್ನು ದಾಟುತ್ತಾನೆ. ಬಳಿಕ ಅಂಕಿ ತಪ್ಪಾಗಿ ಟೈಪಾಯಿತೆಂಬ ನೆಪವೊಡ್ಡಿ ಕೊನೆಯ ಬಿಡ್ ಹಿಂತೆಗೆದುಕೊಳ್ಳುತ್ತಾನೆ. ನಿಜವಾದ ಗಿರಾಕಿ ತನ್ನ ಮಿತಿಯ ಅಂಚಿನಲ್ಲೇ ಗೆಲ್ಲುತ್ತಾನೆ.

ನಕಲಿ ಬಿಡ್‌ದಾರನೇ ಗೆದ್ದುಬಿಟ್ಟರೂ ಮಾರಾಟಗಾರನಿಗೆ ಚಿಂತೆಯಿಲ್ಲ. ಎರಡು ದಿನ ಬಿಟ್ಟು, 'ಗೆದ್ದವರು ಹಣ ಕಟ್ಟಲಿಲ್ಲ, ನಿಮ್ಮ ಕೊನೆಯ ಬೆಲೆಗೇ ಕಾರು ಕೊಡುತ್ತೇವೆ' ಎಂಬ ಸಂದೇಶ ಬರುತ್ತದೆ. ಗೆದ್ದವರು ನಿಜವಾಗಿಯೂ ಕೈಕೊಡುವುದುಂಟು. ಸಂದೇಶವೊಂದೇ ವಂಚನೆಗೆ ಪುರಾವೆಯಲ್ಲ. ಆದರೆ ಅದೇ ಕಾರು ಅದೇ ಚಿತ್ರಗಳೊಂದಿಗೆ ಮತ್ತೆ ಮತ್ತೆ ಹರಾಜಿಗೆ ಬಂದಿದ್ದು, ಪ್ರತಿ ಬಾರಿಯೂ ಒಬ್ಬನೇ ಬಿಡ್‌ದಾರ ಕಾಣಿಸಿಕೊಂಡಿದ್ದರೆ ಸಂಶಯ ಸಹಜ. ಆತನ ಇತ್ತೀಚಿನ ಬಿಡ್‌ಗಳಲ್ಲಿ ಶೇಕಡಾ ಎಷ್ಟು ಇದೇ ಮಾರಾಟಗಾರನ ವಸ್ತುಗಳಿಗೆ ಎಂಬುದನ್ನು ಇ-ಬೇಯ ಬಿಡ್ ಇತಿಹಾಸದ ಪುಟ ತೋರಿಸುತ್ತದೆ. ಹೊಸಬನೊಬ್ಬ ಒಂದೇ ಒಂದು ಬಿಡ್ ಸಲ್ಲಿಸಿದ್ದರೂ ಅಲ್ಲಿ ಕಾಣುವುದು ನೂರೇ. ಹೀಗಾಗಿ ಬಿಡ್‌ಗಳ ಒಟ್ಟು ಸಂಖ್ಯೆಯನ್ನೂ ನೋಡಬೇಕು.

ಇ-ಬೇಯಲ್ಲಿ ಮಾರಾಟಕ್ಕಿಟ್ಟ ಮಿನಿಬಸ್ ಮತ್ತಿತರ ತನ್ನದೇ ವಸ್ತುಗಳಿಗೆ ಇನ್ನೊಂದು ಖಾತೆಯಿಂದ ಬಿಡ್ ಸಲ್ಲಿಸಿದ ವ್ಯಕ್ತಿಯೊಬ್ಬನಿಗೆ ಬ್ರಿಟನ್ನಿನ ಬ್ರಾಡ್‌ಫರ್ಡ್ ನ್ಯಾಯಾಲಯ 2010ರಲ್ಲಿ ದಂಡ ಹಾಗೂ 250 ಗಂಟೆಗಳ ಸಮುದಾಯ ಸೇವೆಯ ಶಿಕ್ಷೆ ವಿಧಿಸಿತು.

ಇ-ಬೇಯ ಭಾರತೀಯ ತಾಣ 2018ರಲ್ಲಿ ಮುಚ್ಚಿತಾದರೂ ಇಲ್ಲಿ ಹಳೆಯ ವಾಹನಗಳ ಆನ್‌ಲೈನ್ ಹರಾಜು ನಿಂತಿಲ್ಲ. ಸಾಲ ತೀರಿಸದವರಿಂದ ಬ್ಯಾಂಕುಗಳು ವಶಪಡಿಸಿಕೊಂಡ ಕಾರುಗಳೂ ಹೀಗೆ ಬಿಕರಿಯಾಗುತ್ತವೆ. ಖರೀದಿದಾರರ ನೆರವಿಗೆ ಬರುವುದು, ಅಂತರ್ಜಾಲದ ಕಲ್ಪನೆಯೂ ಇಲ್ಲದ ಕಾಲದ ಕಾನೂನು: 1930ರ ಸರಕು ಮಾರಾಟ ಕಾಯ್ದೆಯ 64ನೇ ಕಲಂ. ಆ ಹಕ್ಕನ್ನು ಮೊದಲೇ ಸ್ಪಷ್ಟವಾಗಿ ಕಾಯ್ದಿರಿಸಿಕೊಳ್ಳದ ಮಾರಾಟಗಾರ ತನ್ನ ವಸ್ತುವಿಗೆ ತಾನು ಬಿಡ್ ಸಲ್ಲಿಸುವಂತಿಲ್ಲ, ಬೇರೆಯವರಿಂದ ಸಲ್ಲಿಸುವಂತೆಯೂ ಇಲ್ಲ. ಬೆಲೆ ಏರಿಸಲೆಂದು ಸೋಗಿನ ಬಿಡ್ ಬಳಸಿದ್ದರೆ ಮಾರಾಟವನ್ನು ರದ್ದುಪಡಿಸಿಕೊಳ್ಳುವ ಆಯ್ಕೆ ಖರೀದಿದಾರರದ್ದು.

ತೊಡಕಿರುವುದು ಪುರಾವೆಯಲ್ಲಿ. ಎರಡು ಖಾತೆಗಳ ಹಿಂದೆ ಇರುವವನು ಒಬ್ಬನೇ ಎಂದು ತೋರಿಸಬಲ್ಲ ದಾಖಲೆ ತಾಣದವರ ಬಳಿ ಇರುತ್ತದೆ. ಖರೀದಿದಾರರ ಕೈಗೆ ಸಿಗುವುದು ಬಿಡ್ ಪಟ್ಟಿ ಮತ್ತು ಮಾರಾಟಗಾರನ ಸಂದೇಶಗಳು. ಹರಾಜು ಮುಗಿದ ದಿನವೇ ಅವುಗಳ ಪ್ರತಿ ತೆಗೆದಿಟ್ಟುಕೊಳ್ಳದಿದ್ದರೆ, ದೂರು ಕೊಡುವ ಹೊತ್ತಿಗೆ ಆ ಪುಟವೇ ತಾಣದಲ್ಲಿ ಇಲ್ಲದಿರಬಹುದು.