ತಂಗಿಯ ಎರಡನೇ ಡಿಗ್ರಿ: ಕಾಲೇಜು ನೋಡಬೇಕೋ, ಐಸಿಯು ನೋಡಬೇಕೋ?

ಕಳೆದ ವರ್ಷ ಒಂದು ಭಾನುವಾರ ಬೆಳಿಗ್ಗೆ ತಂಗಿ ಫೋನ್ ಮಾಡಿ, "ಅಣ್ಣಾ, ನಿನ್ನ ಎಕ್ಸೆಲ್ ಬುದ್ಧಿ ಸ್ವಲ್ಪ ಬೇಕಿತ್ತು" ಅಂದಳು. ಅವಳು ಬೆಂಗಳೂರಿನ ಒಂದು ಖಾಸಗಿ ಆಸ್ಪತ್ರೆಯ ಐಸಿಯುನಲ್ಲಿ ಸ್ಟಾಫ್ ನರ್ಸ್. ಬಿ.ಎಸ್ಸಿ. ನರ್ಸಿಂಗ್ ಮುಗಿಸಿ ಐದು ವರ್ಷ. ಇನ್ನೂ ಓದಬೇಕು ಅನ್ನೋದು ಗಟ್ಟಿ, ಏನು ಓದಬೇಕು ಅನ್ನೋದೇ ಗೊಂದಲ.

ನಾನು ಸಾಫ್ಟ್‌ವೇರ್ ಎಂಜಿನಿಯರ್. ಫೋನ್ ಕೊಳ್ಳುವ ಮೊದಲೂ ಶೀಟ್ ಮಾಡುವ ಜಾತಿ. ಸಂಜೆಯೊಳಗೆ ಕಾಲೇಜುಗಳ ಪಟ್ಟಿ ರೆಡಿ: ಫೀಸು, ರ‍್ಯಾಂಕಿಂಗ್, ಹಾಸ್ಟೆಲ್, ಕುಮಟಾದಿಂದ ಎಷ್ಟು ದೂರ. ಅವಳು ನೋಡಿ ಒಂದೇ ಮಾತು ಹೇಳಿದಳು: "ಇದರಲ್ಲಿ ಪೇಶಂಟೇ ಇಲ್ಲವಲ್ಲ ಅಣ್ಣ."

ಆ ಮಾತು ಯಾಕೆ ಬಂತು ಅಂತ ಗೊತ್ತಾಗಬೇಕಾದರೆ ನಮ್ಮ ಮನೆಯ ಒಂದು ರಾತ್ರಿಯ ಬಗ್ಗೆ ಹೇಳಬೇಕು.

ಕುಮಟಾದಿಂದ ಮಣಿಪಾಲಕ್ಕೆ

ನಾಲ್ಕು ವರ್ಷದ ಹಿಂದೆ, ಮಳೆಗಾಲ. ಅಪ್ಪನಿಗೆ ಎದೆನೋವು. ಊರಿನ ಡಾಕ್ಟರು ಇಸಿಜಿ ನೋಡಿ, "ತಡ ಮಾಡಬೇಡಿ, ಮಣಿಪಾಲಕ್ಕೆ ಹೊರಡಿ" ಅಂದರು. ರಜೆಗೆ ಬಂದಿದ್ದ ತಂಗಿ ಆಂಬುಲೆನ್ಸಿನಲ್ಲಿ ಅಪ್ಪನ ಪಕ್ಕ ಕೂತಳು. ನಾನು ಮುಂದೆ ಡ್ರೈವರ್ ಪಕ್ಕ. ಹೊನ್ನಾವರದಲ್ಲಿ ಶರಾವತಿ ಸೇತುವೆ ದಾಟಿ, ಮುರ್ಡೇಶ್ವರ, ಭಟ್ಕಳ ಕಳೆಯುವಷ್ಟರಲ್ಲಿ ಅಪ್ಪನ ಬಿಪಿ ಇಳಿಯತೊಡಗಿತು. ಡಾಕ್ಟರಿಗೆ ಫೋನ್ ಹಚ್ಚಿದರೆ ನೆಟ್‌ವರ್ಕ್ ಇಲ್ಲ.

ಅಪ್ಪ ಉಳಿದರು. ಆದರೆ ತಂಗಿ ಆ ಅರ್ಧ ಗಂಟೆಯನ್ನು ಮರೆತಿಲ್ಲ. "ಏನೋ ಸರಿ ಇಲ್ಲ ಅಂತ ನನಗೆ ಕಾಣ್ತಿತ್ತು. ಮುಂದೆ ಎಂತ ಮಾಡಬೇಕು ಅಂತ ಗೊತ್ತಿರಲಿಲ್ಲ. ಗೊತ್ತಿದ್ದರೂ ನಾನು ಮಾಡುವಂತಿರಲಿಲ್ಲ" ಅನ್ನುತ್ತಾಳೆ.

ಭಟ್ಕಳ, ಹೊನ್ನಾವರ, ಕುಮಟಾದ ಎಷ್ಟೋ ಮನೆಗಳಲ್ಲಿ ಇಂಥದೊಂದು ರಾತ್ರಿಯ ಕಥೆ ಇದೆ. 2022ರ ಜುಲೈ 20ರಂದು ಹೊನ್ನಾವರದಿಂದ ರೋಗಿಯನ್ನು ಕರೆದೊಯ್ಯುತ್ತಿದ್ದ ಆಂಬುಲೆನ್ಸ್ ಬೈಂದೂರು ಬಳಿಯ ಶಿರೂರು ಟೋಲ್‌ನಲ್ಲಿ ಪಲ್ಟಿಯಾಗಿ ನಾಲ್ವರು ಸತ್ತರು. ಜಿಲ್ಲೆಗೊಂದು ಸೂಪರ್ ಸ್ಪೆಷಾಲಿಟಿ ಆಸ್ಪತ್ರೆ ಬೇಕು ಅನ್ನುವ ಕೂಗು ಆ ವರ್ಷ ಜೋರಾಯಿತು. "ನೋ ಹಾಸ್ಪಿಟಲ್, ನೋ ವೋಟ್" ಅಂತ ನಾವೆಲ್ಲ ಫೋನಿನಲ್ಲೇ ಹೋರಾಡಿದೆವು. ಕಟ್ಟಡ, ಯಂತ್ರ, ಡಾಕ್ಟರ್ ಬೇಕು ಅಂತ ಕೇಳಿದೆವು. ನರ್ಸುಗಳ ಬಗ್ಗೆ ಕೇಳಿದ್ದು ನನಗಂತೂ ನೆನಪಿಲ್ಲ.

ಏನಿದು ನರ್ಸ್ ಪ್ರಾಕ್ಟೀಷನರ್?

ಎಂ.ಎಸ್ಸಿ. ನರ್ಸಿಂಗ್ ಅಂದರೆ ನಮ್ಮ ಕಡೆ ಸಾಮಾನ್ಯವಾಗಿ ಪಾಠ ಮಾಡುವ ಕೆಲಸದ ದಾರಿ. ನರ್ಸ್ ಪ್ರಾಕ್ಟೀಷನರ್ ಅನ್ನೋದು ರೋಗಿಯ ಹಾಸಿಗೆ ಪಕ್ಕದಲ್ಲೇ ಉಳಿದು ಮೇಲೇರುವ ದಾರಿ. 1965ರಲ್ಲಿ ಅಮೆರಿಕದ ಕೊಲೊರಾಡೊ ವಿಶ್ವವಿದ್ಯಾಲಯದಲ್ಲಿ ಲೊರೆಟ್ಟಾ ಫೋರ್ಡ್ ಎಂಬ ನರ್ಸ್ ಮತ್ತು ಹೆನ್ರಿ ಸಿಲ್ವರ್ ಎಂಬ ಮಕ್ಕಳ ಡಾಕ್ಟರ್ ಇದನ್ನು ಶುರು ಮಾಡಿದರು. ಡಾಕ್ಟರು ಸಿಗದ ಕಡೆ ಮಕ್ಕಳಿಗೆ ಆರೈಕೆ ಸಿಗಲಿ ಅನ್ನುವುದು ಉದ್ದೇಶ.

ನಮ್ಮಲ್ಲಿ ಭಾರತೀಯ ನರ್ಸಿಂಗ್ ಪರಿಷತ್ತು ರೂಪಿಸಿದ ಕೋರ್ಸಿನ ಹೆಸರು ನರ್ಸ್ ಪ್ರಾಕ್ಟೀಷನರ್ ಇನ್ ಕ್ರಿಟಿಕಲ್ ಕೇರ್, ಚಿಕ್ಕದಾಗಿ ಎನ್‌ಪಿಸಿಸಿ. ಎರಡು ವರ್ಷದ ರೆಸಿಡೆನ್ಸಿ. ಶೇ. 20 ಭಾಗ ಥಿಯರಿ, ಶೇ. 80 ಭಾಗ ಆಸ್ಪತ್ರೆಯ ಕೆಲಸ. ಸೇರಲು ಬಿ.ಎಸ್ಸಿ.ಯಲ್ಲಿ ಶೇ. 55 ಅಂಕ, ರಿಜಿಸ್ಟ್ರೇಷನ್, ಕನಿಷ್ಠ ಒಂದು ವರ್ಷದ ಅನುಭವ ಬೇಕು. ಆ ಅನುಭವ ಐಸಿಯುನದ್ದಾದರೆ ಒಳ್ಳೆಯದು.

ಒಂದು ವಿಷಯ ಸ್ಪಷ್ಟವಿರಲಿ. ಇಲ್ಲಿಯ ನರ್ಸ್ ಪ್ರಾಕ್ಟೀಷನರ್ ಸ್ವಂತ ಕ್ಲಿನಿಕ್ ಇಡುವ ಹಾಗಿಲ್ಲ. ಡಾಕ್ಟರ ಜೊತೆಗೂಡಿ, ಆಸ್ಪತ್ರೆ ಬರೆದಿಟ್ಟ ಪ್ರೋಟೋಕಾಲ್ ಪ್ರಕಾರ ರೋಗಿಯನ್ನು ಪರೀಕ್ಷಿಸುವುದು, ಆ ಪ್ರೋಟೋಕಾಲ್‌ನಲ್ಲಿರುವ ಔಷಧ ಕೊಡುವುದು, ತುರ್ತಿನಲ್ಲಿ ಕೈ ಹಾಕುವುದು. ಅಂದರೆ ಆ ರಾತ್ರಿ ತಂಗಿಗೆ ಇಲ್ಲದಿದ್ದ ಎರಡೂ: ಮುಂದೇನು ಅನ್ನುವ ತಿಳಿವಳಿಕೆ ಮತ್ತು ಅದನ್ನು ಮಾಡುವ ಅಧಿಕಾರ.

ಐಸಿಯು ಬೇಡ, ಹೆರಿಗೆ ವಿಭಾಗ ಇಷ್ಟ ಅನ್ನುವವರಿಗೆ ಇನ್ನೊಂದು ದಾರಿಯಿದೆ. 2018ರ ಕೇಂದ್ರ ಸರ್ಕಾರದ ಮಾರ್ಗಸೂಚಿಯಲ್ಲಿ ಬಂದ ನರ್ಸ್ ಪ್ರಾಕ್ಟೀಷನರ್ ಇನ್ ಮಿಡ್‌ವೈಫರಿ, 18 ತಿಂಗಳ ತರಬೇತಿ.

ಹೊಸ ಶೀಟ್

ನನ್ನ ಹಳೆಯ ಶೀಟ್ ಡಿಲೀಟ್ ಆಯಿತು. ತಂಗಿ ಹೇಳುತ್ತಾ ಹೋದಳು, ನಾನು ಟೈಪ್ ಮಾಡಿದೆ. ನಿಮ್ಮ ಮನೆಯಲ್ಲೂ ಯಾರಾದರೂ ಹುಡುಕುತ್ತಿದ್ದರೆ ಈ ಪ್ರಶ್ನೆಗಳನ್ನು ಇಟ್ಟುಕೊಳ್ಳಿ.

1. ಪರಿಷತ್ತಿನ ಮಾನ್ಯತೆ ಈ ಕೋರ್ಸಿಗೇ ಇದೆಯೇ? ಕಾಲೇಜಿಗೆ ಇದೆ ಅಂದರೆ ಸಾಲದು. ಪರಿಷತ್ತಿನ ವೆಬ್‌ಸೈಟಿನಲ್ಲಿ ಈ ವರ್ಷದ ಪಟ್ಟಿ ನೋಡಿ.

2. ಜೊತೆಗಿರುವ ಆಸ್ಪತ್ರೆಯಲ್ಲಿ ಯಾವ ಯಾವ ಐಸಿಯು ಇವೆ? ಹೃದಯ, ನರ, ಸರ್ಜರಿ, ಎಮರ್ಜೆನ್ಸಿ, ಎಲ್ಲ ಕಡೆ ಸರದಿ ಸಿಗುತ್ತದೆಯೇ? ಶೇ. 80 ಭಾಗ ಓದುವುದು ಅಲ್ಲಿಯೇ.

3. ಕಲಿಸುವವರು ಯಾರು? ಪಕ್ಕ ನಿಂತು ಹೇಳಿಕೊಡುವ ಡಾಕ್ಟರ್ ಮತ್ತು ಹಿರಿಯ ನರ್ಸ್ ಇಬ್ಬರೂ ಇದ್ದಾರೆಯೇ, ಅಥವಾ ಹೆಸರಿಗೆ ಮಾತ್ರವೇ?

4. ರೆಸಿಡೆನ್ಸಿಯಲ್ಲಿ ಸಂಬಳ ಎಷ್ಟು? ಬಾಯಿಮಾತು ಬೇಡ, ಬರಹದಲ್ಲಿ ಕೇಳಿ. ನೈಟ್ ಶಿಫ್ಟ್ ಮಾಡುತ್ತಾ ಫೀಸೂ ಕಟ್ಟಿ ಸಂಬಳವೂ ಇಲ್ಲದಿದ್ದರೆ ಎರಡು ವರ್ಷ ತಳ್ಳುವುದು ಕಷ್ಟ.

5. ಹಿಂದಿನ ಬ್ಯಾಚಿನವರು ಈಗ ಎಲ್ಲಿದ್ದಾರೆ, ಯಾವ ಹುದ್ದೆಯಲ್ಲಿ?

ಐದನೆಯದು ನಮ್ಮ ಕಣ್ಣು ತೆರೆಸಿತು. ಒಂದು ದೊಡ್ಡ ಹೆಸರಿನ ಕಾಲೇಜಿನಲ್ಲಿ ಓದಿದ ಹುಡುಗಿಗೆ ತಂಗಿ ಫೋನ್ ಮಾಡಿದಳು. "ಓದಿದ್ದು ಎನ್‌ಪಿ, ಕೊಟ್ಟಿದ್ದು ಸೀನಿಯರ್ ಸ್ಟಾಫ್ ನರ್ಸ್ ಹುದ್ದೆ. ಪ್ರೋಟೋಕಾಲ್ ಪೇಪರಿಗೆ ಇನ್ನೂ ಸಹಿ ಬಿದ್ದಿಲ್ಲ" ಅಂದಳಂತೆ. ಅಂದರೆ ಕಲಿತದ್ದನ್ನು ಮಾಡಲು ಬಿಡುವವರಿಲ್ಲ. ಆ ದಿನ ತಂಗಿ ತುಂಬ ಮಾತಾಡಲಿಲ್ಲ.

ಅಮೆರಿಕಕ್ಕೆ ಹೋಗಬಹುದಲ್ಲ?

ಇದು ನನ್ನ ಪ್ರಶ್ನೆ. ಅಲ್ಲಿ ಅರ್ಧಕ್ಕಿಂತ ಹೆಚ್ಚು ರಾಜ್ಯಗಳಲ್ಲಿ ನರ್ಸ್ ಪ್ರಾಕ್ಟೀಷನರ್ ಡಾಕ್ಟರ ಮೇಲ್ವಿಚಾರಣೆ ಇಲ್ಲದೆ ರೋಗಿ ನೋಡಿ ಔಷಧ ಬರೆಯಬಹುದು. ಆದರೆ ಇಲ್ಲಿಯ ಎನ್‌ಪಿಸಿಸಿ ಹಿಡಿದುಕೊಂಡು ನೇರ ಅಲ್ಲಿ ಎನ್‌ಪಿ ಆಗಲಿಕ್ಕಾಗುವುದಿಲ್ಲ. ಮೊದಲು ಎನ್‌ಕ್ಲೆಕ್ಸ್ ಪಾಸಾಗಿ ಅಲ್ಲಿ ನರ್ಸ್ ಆಗಬೇಕು, ಆಮೇಲೆ ಅಲ್ಲಿಯದೇ ಪದವಿ ಓದಿ ಇನ್ನೊಂದು ಪರೀಕ್ಷೆ ಬರೆಯಬೇಕು. ಹೊರಗೆ ಹೋಗುವುದೇ ಗುರಿಯಾದರೆ ಇಲ್ಲಿ ಎರಡು ವರ್ಷ ಕಳೆಯುವ ಮೊದಲು ಇದನ್ನು ಲೆಕ್ಕ ಹಾಕಿ.

ಆಯಿಯ ಪ್ರಶ್ನೆ ಬೇರೆ. "ಎರಡು ವರ್ಷ ಓದಿದರೆ ಮದುವೆ ಯಾವಾಗ?" ತಂಗಿ ನಕ್ಕಳು: "ಅದಕ್ಕೂ ಅಣ್ಣ ಒಂದು ಶೀಟ್ ಮಾಡ್ತಾನೆ ಬಿಡು."

ಕೊನೆಗೆ

ಅವಳು ಆರಿಸಿದ್ದು ನನ್ನ ಮೊದಲ ಶೀಟಿನಲ್ಲಿ ಆರನೇ ಸ್ಥಾನದಲ್ಲಿದ್ದ ಕಾಲೇಜು. ಹೆಸರು ಅಷ್ಟು ದೊಡ್ಡದಲ್ಲ. ಆದರೆ ಐಸಿಯು ಒಳಗೆ ಕರೆದೊಯ್ದು ತೋರಿಸಿದರು. ಸಂಬಳ ಎಷ್ಟು ಅಂತ ಬರೆದುಕೊಟ್ಟರು. ಹಿಂದಿನ ಬ್ಯಾಚಿನ ಇಬ್ಬರು ಅಲ್ಲೇ ಎನ್‌ಪಿ ಹುದ್ದೆಯಲ್ಲೇ ಕೆಲಸ ಮಾಡುತ್ತಿದ್ದಾರೆ.

ಈಗ ಅವಳಿಗೆ ನೈಟ್ ಶಿಫ್ಟ್, ಲಾಗ್‌ಬುಕ್, ಪ್ರಬಂಧ. ಫೋನ್ ಮಾಡಿದರೆ ಅರ್ಧ ನಿದ್ದೆಯಲ್ಲೇ ಮಾತು. ಮೊನ್ನೆ ಚೌತಿಗೆ ಎರಡೇ ದಿನ ಮನೆಗೆ ಬಂದಿದ್ದಳು. ಊಟಕ್ಕೆ ಕೂತಾಗ ಅಪ್ಪ ಕೇಳಿದರು, "ಓದು ಮುಗಿದ ಮೇಲೆ ಕುಮಟಾಕ್ಕೆ ಬರ್ತೀಯಾ?"

"ನನ್ನನ್ನು ಕರೆಯುವಂಥ ಐಸಿಯು ಮೊದಲು ಬರಲಿ ಅಪ್ಪ, ಖಂಡಿತ ಬರ್ತೇನೆ" ಅಂದಳು.

ಮುಂದಿನ ಸಲ ಆಸ್ಪತ್ರೆ ಬೇಕು ಅಂತ ಪೋಸ್ಟ್ ಹಾಕುವಾಗ ನಾನು ಒಂದು ಸಾಲು ಸೇರಿಸುತ್ತೇನೆ: ಓದಿ ಬಂದ ನರ್ಸಿಗೆ ಹುದ್ದೆಯನ್ನೂ ಕೊಡಿ. ನೀವೂ ಸೇರಿಸಿ.