ಕೆರೆಯಿತ್ತು, ಬಸ್‌ಸ್ಟ್ಯಾಂಡ್ ಬಂತು, ಕೆಳಗೆ ರೈಲು ಬಂತು

ಆಳಂದ, ಅಫಜಲಪುರ, ಜೇವರ್ಗಿ ಕಡೆಯಿಂದ ಬೆಂಗಳೂರಿಗೆ ಬಂದವರಿಗೆ ಮೊದಲು ಸಿಗೋದು ಮೆಜೆಸ್ಟಿಕ್. ಅಲ್ಲಿನ ನೆಲದಡಿಯ ಮೆಟ್ರೊ ಸ್ಟೇಷನ್ನಿಗೆ ನಾಡಪ್ರಭು ಕೆಂಪೇಗೌಡರ ಹೆಸರಿದೆ. ಹೆಸರು ಸುಮ್ಮನೆ ಬಂದಿದ್ದಲ್ಲ. ಅವರ ಕಾಲದ್ದು ಅಂತ ಹೇಳೋ ಧರ್ಮಾಂಬುಧಿ ಕೆರೆ ಇದ್ದದ್ದು ಇದೇ ಜಾಗದಲ್ಲಿ.

ಪೇಟೆಗೆ ನೀರು ಕೊಡ್ತಿದ್ದ ಕೆರೆ ಅದು. 1896ರಲ್ಲಿ ಹೆಸರಘಟ್ಟದಿಂದ ಪೈಪ್‌ನಲ್ಲಿ ನೀರು ಬಂದ ಮೇಲೆ ಕೇಳೋರು ಕಡಿಮೆಯಾದ್ರು. ಒಣಗಿದ ಅಂಗಳ ಸುಭಾಷ್ ನಗರ ಮೈದಾನವಾಯ್ತು, ಆಮೇಲೆ ಬಸ್‌ಸ್ಟ್ಯಾಂಡ್. ಪಕ್ಕದ ಟ್ಯಾಂಕ್ ಬಂಡ್ ರೋಡ್ ಅಂದ್ರೆ ಕೆರೆ ಏರಿ. ದಿನಾ ಓಡಾಡೋ ನಾವು ಬೋರ್ಡ್ ಓದ್ತೀವಿ, ಅರ್ಥ ನೋಡಲ್ಲ.

ಮೆಟ್ರೊಗೆ ಬಸ್‌ಸ್ಟ್ಯಾಂಡಿನ ಒಂದು ಭಾಗ ಬಿಟ್ಟುಕೊಡಬೇಕಾಯ್ತು. ನೇರಳೆ ಮಾರ್ಗದ ಸುರಂಗ 2016ರ ಏಪ್ರಿಲ್ 29ರಂದು ಉದ್ಘಾಟನೆಯಾಯ್ತು. ದಕ್ಷಿಣ ಭಾರತದ ಮೊದಲ ಸುರಂಗ ಮೆಟ್ರೊ ಇದು. ಹಸಿರು ಮಾರ್ಗ ಮಾತ್ರ ಸತಾಯಿಸಿತು. ಅಲ್ಲಿ ಕೊರೆದ ಯಂತ್ರಗಳಿಗೆ ಕಾವೇರಿ, ಕೃಷ್ಣಾ, ಗೋದಾವರಿ ಅಂತ ಹೆಸರು. (ನಮ್ಮ ಭೀಮೆ ಯಾರಿಗೂ ನೆನಪಾಗಲಿಲ್ಲ, ಬಿಡಿ.) ಒಂದು ಕಡೆ ಮಣ್ಣು, ಒಂದು ಕಡೆ ಬಂಡೆ. ಗೋದಾವರಿಯ ಕೊರೆಯೋ ತಲೆಯೇ ಹಾಳಾಗಿ ಯಂತ್ರ ತಿಂಗಳುಗಟ್ಟಲೆ ನೆಲದಡಿ ನಿಂತುಬಿಟ್ಟಿತ್ತು. ಎರಡೂ ಮಾರ್ಗ ಇಲ್ಲಿ ಕೂಡಿದ್ದು 2017ರ ಜೂನ್‌ನಲ್ಲಿ.

ಒಮ್ಮೆ ಜೇವರ್ಗಿಯಿಂದ ಬಂದ ಕಾಕಾನ್ನ ಕರ್ಕೊಂಡು ಇಳಿದಿದ್ದೆ. "ನಮ್ಮ ಹೊಲದಾಗ ಇಷ್ಟು ತೋಡಿದ್ರ ನೀರು ಬೀಳ್ತದ. ಇಲ್ಲಿ ಎಲ್ಲಿ ಹೋಯ್ತೋ ತಮ್ಮಾ?" ಅಂದ್ರು. ಎಂಜಿನಿಯರಿಂಗ್ ಓದಿದವರೂ ಕೇಳದ ಪ್ರಶ್ನೆ. ನೀರು ಎಲ್ಲೂ ಹೋಗಿಲ್ಲ. ಸುರಂಗದ ಗೋಡೆ ಅಂದ್ರೆ ಉಂಗುರದ ಹಾಗೆ ಜೋಡಿಸಿದ ಕಾಂಕ್ರೀಟ್ ತುಂಡುಗಳು. ಸಂದಿಗಳಲ್ಲಿ ರಬ್ಬರ್ ಗ್ಯಾಸ್ಕೆಟ್. ಅದನ್ನೂ ದಾಟಿ ಜಿನುಗಿದ ನೀರನ್ನ ತಗ್ಗಿನ ಗುಂಡಿಗೆ ಇಳಿಸಿ ಪಂಪ್‌ನಿಂದ ಮೇಲೆತ್ತುತ್ತಾರೆ. "ಮತ್ತ ಕರೆಂಟ್ ಹೋದ್ರ?" ಜನರೇಟರ್ ಇರ್ತದ ಅಂದೆ. "ಹಂಗಾದ್ರ ನಮ್ಮ ಬೋರಿಗೂ ಒಂದು ಕೊಡಿಸು" ಅಂತ ನಕ್ಕರು.

2023ರ ಅಕ್ಟೋಬರ್ 9ರಿಂದ ಮೆಜೆಸ್ಟಿಕ್‌ನಲ್ಲಿ ಹತ್ತಿದ್ರೆ ವೈಟ್‌ಫೀಲ್ಡ್‌ವರೆಗೂ ಒಂದೇ ರೈಲು. ಉದ್ಯಾನ್ ಎಕ್ಸ್‌ಪ್ರೆಸ್ ಇಳಿದು, ಸಜ್ಜಿ ರೊಟ್ಟಿ, ಶೇಂಗಾ ಹಿಂಡಿಯ ಚೀಲ ಹೊತ್ತು ರೂಮಿಗೆ ಹೋಗೋರಿಗೆ ಇದು ದೊಡ್ಡ ಆರಾಮ. ಆಳಂದ, ಅಫಜಲಪುರ, ಜೇವರ್ಗಿ ಮೂರೂ ಊರಿಗೆ ಮಾತ್ರ ನೆಲದ ಮೇಲಿನ ರೈಲೂ ಇನ್ನೂ ಬಂದಿಲ್ಲ. ಆ ಚೀಲ ಕಲಬುರಗಿ ಸ್ಟೇಷನ್‌ವರೆಗೆ ಬಸ್ಸಲ್ಲೇ ಬರಬೇಕು.