ಮಣ್ಣಿನ ಗೆರೆಯ ಒಳಗೆ: ಗೆದ್ದಲಿನ ಬದುಕು ಮತ್ತು ಮನೆಯ ದುರಸ್ತಿ

ಕೊಳ್ಳೇಗಾಲ, ಹನೂರು ಮತ್ತು ಯಳಂದೂರು ತಾಲ್ಲೂಕುಗಳ ಹಳೆಯ ಮನೆಗಳಲ್ಲಿ ಮರವೂ ಮಣ್ಣೂ ಒಂದನ್ನೊಂದು ತಾಗಿಕೊಂಡೇ ಬಾಳುತ್ತವೆ. ಮಣ್ಣಿನ ಗೋಡೆಯೊಳಗೆ ಹುದುಗಿದ ಬಾಗಿಲುವಾಡ, ಗೋಡೆಯ ನೆತ್ತಿಯ ಮೇಲೆ ಕುಳಿತ ತೊಲೆ, ನಾಡಹೆಂಚನ್ನು ಹೊತ್ತ ಜಂತೆ ಮತ್ತು ರೀಪು, ನೇಕಾರರ ಮನೆಯಾದರೆ ನೆಲದೊಳಗೆ ಊರಿದ ಮಗ್ಗದ ಕಾಲು, ರೇಷ್ಮೆ ಸಾಕುವವರ ಮನೆಯಾದರೆ ಗೋಡೆಗೆ ಒರಗಿಸಿದ ಬಿದಿರಿನ ಚಂದ್ರಿಕೆ, ಇವೆಲ್ಲವೂ ಗೆದ್ದಲಿಗೆ ಏಕಕಾಲದಲ್ಲಿ ಆಹಾರವೂ ಹೌದು, ದಾರಿಯೂ ಹೌದು. ಗೋಡೆಯ ಮೇಲೆ ಪೆನ್ಸಿಲಿನಷ್ಟು ದಪ್ಪದ ಮಣ್ಣಿನ ಗೆರೆಯೊಂದು ಕಂಡ ಕೂಡಲೇ ಔಷಧದ ಅಂಗಡಿಗೆ ಹೋಗುವುದು ಈಗಿನ ರೂಢಿಯಾಗಿದೆ. ಆದರೆ ಆ ಗೆರೆ ಏಕೆ ಬೇಕಾಯಿತು ಎಂಬುದನ್ನು ಅರಿತವರಿಗೆ ದುರಸ್ತಿಯ ಅರ್ಧ ಕೆಲಸ ವಿಷವಿಲ್ಲದೆಯೇ ಮುಗಿಯುತ್ತದೆ. ಗೆದ್ದಲಿನ ಬಲವೂ ದೌರ್ಬಲ್ಯವೂ ಆ ಗೆರೆಯಲ್ಲಿಯೇ ಇವೆ.

ಗೆದ್ದಲನ್ನು ಬಿಳಿ ಇರುವೆ ಎಂದು ಕರೆಯುವುದುಂಟಾದರೂ ಅದು ಇರುವೆಯ ಕುಲಕ್ಕೆ ಸೇರಿದ ಜೀವಿಯಲ್ಲ. ಇರುವೆಗಳು ಕಣಜ ಮತ್ತು ಜೇನಿನ ಬಳಗದವು. ಗೆದ್ದಲಾದರೋ ಜಿರಲೆಯ ವಂಶದ್ದು. ಲಂಡನ್ನಿನ ನ್ಯಾಚುರಲ್ ಹಿಸ್ಟರಿ ಮ್ಯೂಸಿಯಮ್ಮಿನ ವಿಜ್ಞಾನಿಗಳು 2007ರಲ್ಲಿ ಪ್ರಕಟಿಸಿದ ಡಿಎನ್‌ಎ ಅಧ್ಯಯನವು ಗೆದ್ದಲನ್ನು ಗುಂಪುಗೂಡಿ ಬಾಳುವ ಜಿರಲೆಯೆಂದೇ ಪರಿಗಣಿಸಬೇಕೆಂದು ತೋರಿಸಿತು. ಈ ವ್ಯತ್ಯಾಸ ಹೆಸರಿನದು ಮಾತ್ರವಲ್ಲ. ಇರುವೆಯ ಗೂಡಿನಲ್ಲಿ ದುಡಿಯುವವರೆಲ್ಲ ಹೆಣ್ಣುಗಳು, ಗಂಡು ಕೂಡಿದ ಬಳಿಕ ಸಾಯುತ್ತದೆ. ಗೆದ್ದಲಿನ ಗೂಡಿನಲ್ಲಿ ಹೆಣ್ಣು ಗಂಡುಗಳೆರಡೂ ದುಡಿಯುತ್ತವೆ, ರಾಜನೆನಿಸಿದ ಗಂಡು ರಾಣಿಯ ಪಕ್ಕದಲ್ಲಿಯೇ ಜೀವಮಾನವಿಡೀ ಉಳಿಯುತ್ತದೆ. ಹೊಟ್ಟೆ ಊದಿ ಬೆರಳಿನ ಗಾತ್ರಕ್ಕೆ ಬೆಳೆಯುವ ರಾಣಿ ದಿನಕ್ಕೆ ಸಾವಿರಾರು ಮೊಟ್ಟೆಗಳನ್ನಿಡುತ್ತದೆ. ಉಳಿದವುಗಳಲ್ಲಿ ಬಹುಪಾಲು ಕೆಲಸಗಾರ ಗೆದ್ದಲುಗಳು. ದೊಡ್ಡ ತಲೆ ಮತ್ತು ಚೂಪು ದವಡೆಯ ಕೆಲವು ಸೈನಿಕ ಗೆದ್ದಲುಗಳು ಕಾವಲಿಗೆ ನಿಲ್ಲುತ್ತವೆ. ಮರವನ್ನು ಕೊರೆಯುವುದು ಕೆಲಸಗಾರನೇ ಹೊರತು ಸೈನಿಕನಲ್ಲ. ಸೈನಿಕನ ದವಡೆ ಕಾದಾಟಕ್ಕಷ್ಟೇ ಒದಗುವುದರಿಂದ ಅದಕ್ಕೂ ಕೆಲಸಗಾರನೇ ಬಾಯಿಗೆ ಉಣಿಸಬೇಕು.

ಜಗತ್ತಿನಲ್ಲಿ ಸುಮಾರು 3000 ಜಾತಿಯ ಗೆದ್ದಲುಗಳಿವೆ, ಭಾರತದಲ್ಲಿ ಸುಮಾರು 300. ದಕ್ಷಿಣದ ಒಣನೆಲದಲ್ಲಿ ಹೊಲದ ಬದುವಿನಲ್ಲಿಯೂ ಕಾಡಿನಂಚಿನಲ್ಲಿಯೂ ಗೋಪುರದಂತೆ ಎದ್ದ ಹುತ್ತಗಳನ್ನು ಕಟ್ಟುವ ಜಾತಿಗಳಲ್ಲಿ ಓಡಾಂಟೋಟರ್ಮಿಸ್ ಒಬೇಸಸ್ ಎಂಬುದು ಮುಖ್ಯವಾದುದು. ಇದರ ಹತ್ತಿರದ ಸಂಬಂಧಿಗಳಲ್ಲಿ ಕೆಲವು ಹುತ್ತವನ್ನೇ ಎಬ್ಬಿಸದೆ ನೆಲದೊಳಗೆ ಗೂಡು ಮಾಡುತ್ತವೆ. ಈ ಗುಂಪಿನ ಗೆದ್ದಲು ಒಂದರ್ಥದಲ್ಲಿ ಬೇಸಾಯಗಾರ. ಮರದಲ್ಲಿರುವ ಸೆಲ್ಯುಲೋಸ್, ಅಂದರೆ ಸಸ್ಯಗಳ ಜೀವಕೋಶದ ಗೋಡೆಯನ್ನು ಕಟ್ಟುವ ನಾರಿನ ವಸ್ತು, ಮತ್ತು ಅದನ್ನು ಬಿಗಿದಿಡುವ ಲಿಗ್ನಿನ್ ಎಂಬ ಗಟ್ಟಿ ದ್ರವ್ಯ, ಇವೆರಡನ್ನೂ ತಾನೊಂದೇ ಪೂರ್ತಿಯಾಗಿ ಅರಗಿಸಿಕೊಳ್ಳಲಾರದ ಗೆದ್ದಲು, ಅಗಿದ ಮರದ ಪುಡಿಯನ್ನು ಗೂಡಿಗೆ ಸಾಗಿಸಿ, ಅದರಿಂದ ಸ್ಪಂಜಿನಂಥ ಹಾಸನ್ನು ಕಟ್ಟಿ, ಅದರ ಮೇಲೆ ಟರ್ಮಿಟೋಮೈಸಿಸ್ ಎಂಬ ಶಿಲೀಂಧ್ರವನ್ನು ಬೆಳೆಸುತ್ತದೆ. ಶಿಲೀಂಧ್ರವು ಮರವನ್ನು ಮೆದುಗೊಳಿಸಿದ ಮೇಲೆ ಅದೇ ಊಟವಾಗುತ್ತದೆ. ಮಳೆಗಾಲದಲ್ಲಿ ಹುತ್ತದ ಮೇಲೆ ಏಳುವ, ಹಳ್ಳಿಯವರು ಹುಡುಕಿ ತಂದು ಸಾರು ಮಾಡುವ ಅಣಬೆ ಈ ತೋಟದ್ದೇ. ಆದ್ದರಿಂದ ಬಾಗಿಲುವಾಡವನ್ನು ತಿನ್ನುತ್ತಿರುವ ಗೆದ್ದಲಿನ ಮನೆ ಆ ಮರದಲ್ಲಿಲ್ಲ. ಅದು ಹಿತ್ತಲಿನ ನೆಲದಡಿಯಲ್ಲಿಯೋ, ಪಕ್ಕದ ಹೊಲದಲ್ಲಿಯೋ, ಹಲವು ಮೀಟರುಗಳಾಚೆ ಇರುತ್ತದೆ. ಮರವು ಅದಕ್ಕೆ ಕಣಜವಿದ್ದಂತೆ, ದಿನವೂ ಬಂದು ಹೊತ್ತೊಯ್ಯುವ ಜಾಗ.

ಈ ಓಡಾಟದಲ್ಲಿ ಗೆದ್ದಲಿಗೆ ಒಂದು ದೊಡ್ಡ ಅಡ್ಡಿಯಿದೆ. ಅದರ ಮೈಚರ್ಮ ತೀರ ತೆಳು. ಜಿರಲೆಗೂ ಇರುವೆಗೂ ಇರುವ ಗಟ್ಟಿ ಹೊರಚಿಪ್ಪು ಇಲ್ಲದ ಕೆಲಸಗಾರ ಗೆದ್ದಲು ಒಣಗಾಳಿಗೆ ಸಿಕ್ಕರೆ ಬೇಗನೆ ನೀರಾರಿ ಸಾಯುತ್ತದೆ, ಬಯಲಿಗೆ ಬಿದ್ದರೆ ಇರುವೆಗೆ ತುತ್ತಾಗುತ್ತದೆ. ಹಾಗಾಗಿ ನೆಲದ ತೇವವನ್ನು ತನ್ನೊಡನೆ ಮೇಲಕ್ಕೆ ಒಯ್ಯುವಂತೆ ಅದು ಮಣ್ಣಿನ ಕೊಳವೆಯೊಂದನ್ನು ಕಟ್ಟಿಕೊಂಡು ಅದರೊಳಗೇ ನಡೆಯುತ್ತದೆ. ಗೋಡೆಯ ಮೇಲೆ ಕಾಣುವ ಗೆರೆ ಅದೇ. ಬಾಯಲ್ಲಿ ಹಿಡಿದ ಒದ್ದೆ ಮಣ್ಣಿನ ಉಂಡೆಯನ್ನು ಜೊಲ್ಲಿನಿಂದ ಹದಮಾಡಿ, ಇಟ್ಟಿಗೆಯಂತೆ ಒಂದರ ಪಕ್ಕ ಒಂದನ್ನು ಒತ್ತಿ ಕೂರಿಸುವುದು ಅದರ ಕಟ್ಟಡ ವಿಧಾನ. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ಸಂಶೋಧಕರು 2017ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ಓಡಾಂಟೋಟರ್ಮಿಸ್ ಒಬೇಸಸ್ ಕಟ್ಟಿದ ಹುತ್ತದ ಮಣ್ಣು ಸುತ್ತಲಿನ ಸಾಮಾನ್ಯ ಮಣ್ಣಿಗಿಂತ ಸುಮಾರು ಹತ್ತು ಪಟ್ಟು ಬಲವಾಗಿರುವುದು ಕಂಡುಬಂದಿದೆ. ಗಾರೆ ಕೆಲಸದವರಿಗೆ ಚೆನ್ನಾಗಿ ಗೊತ್ತಿರುವ ಸಂಗತಿಯೇ ಇಲ್ಲಿಯೂ ನಡೆದಿದೆ: ಮಣ್ಣಿನ ಬಲವು ಅದಕ್ಕೆ ಬೆರೆತ ನೀರಿನ ಹದದಲ್ಲಿದೆ, ಆ ಹದವನ್ನು ಗೆದ್ದಲು ಅರಿತಿದೆ.

ತೇವವಿಲ್ಲದೆ ಗೆದ್ದಲಿಲ್ಲ ಎಂಬ ಈ ಒಂದು ಮಾತಿನಿಂದ ಮನೆಯ ಪರೀಕ್ಷೆಯ ಕ್ರಮವೂ ಹೊರಡುತ್ತದೆ. ಈ ಮೂರು ತಾಲ್ಲೂಕುಗಳಿಗೆ ಮುಂಗಾರಿನ ಜೊತೆಗೆ ಹಿಂಗಾರಿನ ಮಳೆಯೂ ಸಿಗುವುದರಿಂದ ವರ್ಷಕ್ಕೆ ಎರಡು ಬಾರಿ, ಮೊದಲ ಹದಮಳೆಯ ನಂತರ ಮತ್ತು ದೀಪಾವಳಿಯ ಆಸುಪಾಸಿನಲ್ಲಿ, ಮನೆಯನ್ನು ಒಂದು ಸುತ್ತು ನೋಡುವುದು ಯುಕ್ತ. ಮಳೆಯ ಮರುಸಂಜೆ ದೀಪಕ್ಕೆ ಮುತ್ತುವ ಈಸಲು ಹುಳುಗಳು ಹೊಸ ಗೂಡು ಹೂಡಲು ಹೊರಟ ರೆಕ್ಕೆಯ ಗೆದ್ದಲುಗಳೇ ಆಗಿವೆ. ಅವುಗಳ ನಾಲ್ಕು ರೆಕ್ಕೆಗಳೂ ಒಂದೇ ಉದ್ದದವು, ಸೊಂಟ ದಪ್ಪನಾದುದು. ರೆಕ್ಕೆಯ ಇರುವೆಗಾದರೆ ಮುಂದಿನ ಜೋಡಿ ಉದ್ದ, ಹಿಂದಿನ ಜೋಡಿ ಗಿಡ್ಡ, ಸೊಂಟ ಸಣ್ಣ. ಹೊರಗಿನಿಂದ ದೀಪಕ್ಕೆ ಬಂದವು ಮನೆಗೆ ಅಪಾಯದ ಸೂಚನೆಯಲ್ಲ. ಆದರೆ ಮನೆಯೊಳಗಿನ ನೆಲದ ಬಿರುಕಿನಿಂದಲೇ ಅವು ಹೊರಬಂದರೆ ಅಡಿಯಲ್ಲಿ ಬೆಳೆದ ಗೂಡಿದೆ ಎಂದೇ ತಿಳಿಯಬೇಕು.

ಪರೀಕ್ಷೆಗೆ ಬೇಕಾಗುವ ಸಲಕರಣೆ ಒಂದು ಟಾರ್ಚು ಮತ್ತು ಒಂದು ಸ್ಕ್ರೂ ಡ್ರೈವರ್ ಮಾತ್ರ. ಬಾಗಿಲುವಾಡದ ಬುಡ, ಹೊಸ್ತಿಲಿನ ಎರಡು ತುದಿ, ತೊಲೆಯು ಗೋಡೆಯನ್ನು ಹೊಗುವ ಜಾಗ, ಬಚ್ಚಲಿನ ಪಕ್ಕದ ಗೋಡೆ, ಮರದ ಸ್ವಿಚ್ ಬೋರ್ಡಿನ ಹಿಂಬದಿ, ಇವುಗಳನ್ನು ಮೊದಲು ನೋಡಬೇಕು. ಸ್ವಿಚ್ ಬೋರ್ಡನ್ನು ಬಿಚ್ಚುವ ಮುನ್ನ ಮೇನ್ ಆರಿಸಬೇಕು, ಏಕೆಂದರೆ ಗೆದ್ದಲಿನ ಮಣ್ಣು ತೇವವನ್ನು ಹಿಡಿದಿಟ್ಟುಕೊಂಡಿರುತ್ತದೆ. ಸ್ಕ್ರೂ ಡ್ರೈವರಿನ ಹಿಡಿಯಿಂದ ಮರವನ್ನು ಅಂಗುಲ ಅಂಗುಲವಾಗಿ ತಟ್ಟುತ್ತ ಹೋದರೆ ಗಟ್ಟಿ ಮರ ಕಣಕಣ ಎನ್ನುತ್ತದೆ, ತಿಂದ ಮರ ಟೊಳ್ಳು ದನಿ ಕೊಡುತ್ತದೆ. ಅಲ್ಲಿ ಮೊನೆಯನ್ನು ಒತ್ತಿದರೆ ಬಣ್ಣದ ತೆಳುಪದರ ಒಡೆದು ಒಳಗೆ ಹಸಿ ಮಣ್ಣು ಕಾಣುತ್ತದೆ. ಮಣ್ಣಿನ ಗೆರೆ ಸಿಕ್ಕಿದರೆ ಅದನ್ನು ಪೂರ್ತಿ ಕೆರೆದು ಹಾಕುವ ಬದಲು ನಡುವೆ ಎರಡು ಬೆರಳಿನಷ್ಟು ಮುರಿದು ನೋಡುವುದು ಒಳ್ಳೆಯದು. ಹರಿದ ಬಾಯಿಗೆ ಮೊದಲು ಕಂದು ತಲೆಯ ಸೈನಿಕ ಬಂದು ನಿಲ್ಲುತ್ತಾನೆ, ಅವನ ಹಿಂದೆ ಬಿಳಿಚಿದ ಕೆಲಸಗಾರರು ಮಣ್ಣಿನ ಉಂಡೆ ಹಿಡಿದು ಬಂದು ಅಂಚಿನಿಂದ ಅಂಚಿಗೆ ಕಮಾನು ಮುಚ್ಚುತ್ತಾರೆ. ಕೆಲವು ದಿನಗಳಲ್ಲಿ ಮುರಿದ ಭಾಗ ಮತ್ತೆ ಕೂಡಿಕೊಂಡಿದ್ದರೆ ದಾರಿ ಬಳಕೆಯಲ್ಲಿದೆ ಎಂದರ್ಥ. ಸಣ್ಣ ದುಂಡು ತೂತುಗಳಿಂದ ಹಿಟ್ಟಿನಂಥ ಪುಡಿ ಮಾತ್ರ ಉದುರುತ್ತಿದ್ದು ಮಣ್ಣೇ ಕಾಣದಿದ್ದರೆ ಅದು ಗೆದ್ದಲಲ್ಲ, ಕುಟ್ಟೆ ಹುಳು. ಅದು ಜೀರುಂಡೆಯೊಂದರ ಮರಿ, ಅದರ ಮದ್ದೂ ಬೇರೆ.

ಮದ್ದಿನಲ್ಲಿ ಮೊದಲನೆಯದು ನೀರನ್ನು ನಿಲ್ಲಿಸುವುದು. ಸೋರುವ ನಲ್ಲಿ, ಒಡೆದ ಹೆಂಚು, ಗೋಡೆಯ ಬುಡಕ್ಕೇ ಸುರಿಯುವ ಸೂರಿನ ನೀರು, ಇಳುಕಲಿಲ್ಲದ ಬಚ್ಚಲು, ಇವನ್ನು ಸರಿಪಡಿಸದೆ ಎಷ್ಟು ಔಷಧ ಸುರಿದರೂ ಗೆದ್ದಲು ಮರಳಿ ಬರುತ್ತದೆ. ಎರಡನೆಯದು ಮರಕ್ಕೂ ಮಣ್ಣಿಗೂ ನಡುವೆ ಕಣ್ಣಿಗೆ ಕಾಣುವ ಅಂತರವನ್ನಿಡುವುದು. ಹಳೆಯ ತೊಟ್ಟಿಮನೆಗಳಲ್ಲಿ ಮರದ ಕಂಬವನ್ನು ನೆಲದಲ್ಲಿ ಹೂಳದೆ ಕಲ್ಲಿನ ಪೀಠದ ಮೇಲೆ ನಿಲ್ಲಿಸಿರುವುದಕ್ಕೆ ಅಂದಕ್ಕಿಂತ ದೊಡ್ಡ ಕಾರಣ ಇದೇ: ಕಲ್ಲನ್ನು ಕೊರೆಯಲಾರದ ಗೆದ್ದಲು ಅದರ ಹೊರಮೈ ಮೇಲೆ ಗೆರೆ ಕಟ್ಟಿಯೇ ಹತ್ತಬೇಕು, ಕಟ್ಟಿದರೆ ದಿನವೂ ಕಸ ಗುಡಿಸುವವರ ಕಣ್ಣಿಗೆ ಬೀಳಲೇಬೇಕು. ಗೋಡೆಗೆ ಒತ್ತಿ ಪೇರಿಸಿದ ಸೌದೆ, ತೆಂಗಿನ ಗರಿ, ಹಳೆಯ ರಟ್ಟಿನ ಪೆಟ್ಟಿಗೆ, ಬಳಸದ ಚಂದ್ರಿಕೆ, ಇವು ಆ ಕಣ್ಗಾವಲನ್ನೇ ಮರೆಮಾಡುತ್ತವೆ. ಇವನ್ನು ಗೋಡೆಯಿಂದ ಒಂದಡಿ ದೂರಕ್ಕೆ, ಕಲ್ಲು ಅಥವಾ ಇಟ್ಟಿಗೆಯ ಮೇಲೆ ಎತ್ತಿ ಇಡಬೇಕು. ಮೂರನೆಯದು ಸಂದು ಮುಚ್ಚುವುದು. ಒಂದು ಮಿಲಿಮೀಟರಿನಷ್ಟು ಬಿರುಕೂ ಗೆದ್ದಲಿಗೆ ಸಾಕು. ಸಪ್ಪೆಯಾದ ಸುಣ್ಣದ ಗಾರೆಯನ್ನು ಅದು ಕೊರೆಯಬಲ್ಲುದರಿಂದ ನೆಲ ಮತ್ತು ಗೋಡೆ ಕೂಡುವ ಮೂಲೆಗೆ ಗಟ್ಟಿ ಸಿಮೆಂಟ್ ಗಾರೆಯ ಅಂಚು ಕಟ್ಟುವುದು ವಾಸಿ.

ಬುಡ ತಿಂದುಹೋದ ಬಾಗಿಲುವಾಡವನ್ನು ಇಡಿಯಾಗಿ ಕೀಳಬೇಕಾಗಿಲ್ಲ. ಟೊಳ್ಳು ಮುಗಿದು ಗಟ್ಟಿ ಮರ ಸಿಕ್ಕಿದ ಮೇಲೂ ಒಂದು ಗೇಣಿನಷ್ಟು ಹೆಚ್ಚಾಗಿ ಕತ್ತರಿಸಿ, ಹಳೆಯ ಮತ್ತು ಹೊಸ ತುಂಡುಗಳನ್ನು ಅರ್ಧರ್ಧ ದಪ್ಪಕ್ಕೆ ಕಡಿದು ಒಂದರ ಮೇಲೊಂದು ಕೂರಿಸಿ ತಿರುಪು ಹಾಕಿದರೆ ಜೋಡಣೆ ಭದ್ರವಾಗಿ ನಿಲ್ಲುತ್ತದೆ. ಮರದ ಕತ್ತರಿಸಿದ ತುದಿಯು ಮೈಗಿಂತ ಹೆಚ್ಚು ನೀರು ಹೀರುವುದರಿಂದ, ಕೂರಿಸುವ ಮುನ್ನ ಆ ತುದಿಗೆ ಬಿಳಿಗಾರ ಮತ್ತು ಬೋರಿಕ್ ಆಮ್ಲವನ್ನು ಬಿಸಿನೀರಿನಲ್ಲಿ ಕರಗಿಸಿದ ದ್ರಾವಣವನ್ನು ಹಲವು ಸಲ ಉಣಿಸಿ ಒಣಗಿಸಬೇಕು. ಬೋರಾನ್ ಲವಣವು ಗೆದ್ದಲಿನ ಜೀರ್ಣಕ್ರಿಯೆಯನ್ನು ಕೆಡಿಸುತ್ತದೆ. ಆದರೆ ನೀರಿಗೆ ತೊಳೆದುಹೋಗುವ ಕಾರಣ ಮಳೆಗೆ ಒಡ್ಡಿದ ಮರಕ್ಕೆ ಇದು ನಿಲ್ಲದು. ಹೊಸ ತುಂಡಿನ ಕೆಳಗೆ ಎರಡಂಗುಲದ ಕಲ್ಲಿನ ಚೂರೊಂದನ್ನು ಇಡುವುದನ್ನು ಮರೆಯಬಾರದು. ತೊಲೆ, ಕಂಬಗಳಂಥ ಭಾರ ಹೊರುವ ಮರಗಳು ಟೊಳ್ಳಾಗಿದ್ದರೆ ಮಾತ್ರ ಆಸರೆ ಕೊಟ್ಟು ಬಡಗಿಯನ್ನು ಕರೆಸಲೇಬೇಕು. ಅದು ಮನೆಯವರ ಕೈಕೆಲಸವಲ್ಲ.

ಮರದ ಆಯ್ಕೆಯಲ್ಲಿಯೂ ವಿಜ್ಞಾನವಿದೆ. ಕಾಂಡದ ಹೊರಭಾಗದ ಬಿಳಿಮರದಲ್ಲಿ ಪಿಷ್ಟ ಮತ್ತು ಸಕ್ಕರೆ ಹೆಚ್ಚು. ಒಳಗಿನ ಚೇಗಿನಲ್ಲಿ ಮರವೇ ತನ್ನ ರಕ್ಷಣೆಗೆ ತುಂಬಿಟ್ಟ ಕಹಿದ್ರವ್ಯಗಳು ಹೆಚ್ಚು. ತೇಗದ ಚೇಗಿನಲ್ಲಿರುವ ಟೆಕ್ಟೋಕ್ವಿನೋನ್ ಎಂಬ ದ್ರವ್ಯ ಗೆದ್ದಲನ್ನು ದೂರವಿಡುತ್ತದೆ. ಹಾಗೆಂದು ತೇಗದ ಬಿಳಿಮರಕ್ಕೆ ಆ ಶಕ್ತಿ ಬಾರದು. ಹನೂರು ತಾಲ್ಲೂಕಿನ ಮಲೆ ಮಹದೇಶ್ವರ ಬೆಟ್ಟದಲ್ಲಿ ಪರಿಸರ ಸಂಶೋಧನೆಯ ಏಟ್ರೀ ಸಂಸ್ಥೆಯ ನೆರವಿನಿಂದ ಸೋಲಿಗರು, ಕಾಡನ್ನು ನುಂಗುತ್ತಿರುವ ಲಂಟಾನದ ಕಡ್ಡಿಗಳನ್ನು ಕುದಿಸಿ, ಸಿಪ್ಪೆ ಸುಲಿದು, ಬಾಗಿಸಿ ಕುರ್ಚಿ ಮೇಜುಗಳನ್ನು ಮಾಡುತ್ತ ಬಂದಿದ್ದಾರೆ. ಈ ಕಡ್ಡಿಯನ್ನು ಗೆದ್ದಲು ಸುಲಭವಾಗಿ ಮುಟ್ಟುವುದಿಲ್ಲವೆಂಬುದು ಆ ಕಸುಬಿನ ದೊಡ್ಡ ಅನುಕೂಲ.

ಇಷ್ಟೆಲ್ಲ ಮಾಡಿಯೂ ಗೆದ್ದಲು ನಿಲ್ಲದಿದ್ದಾಗ ರಾಸಾಯನಿಕ ಬೇಕಾಗುತ್ತದೆ. ಗೋಡೆಯ ಗೆರೆಗೆ ಸೀಮೆಎಣ್ಣೆ ಸುರಿಯುವುದು ವ್ಯರ್ಥ. ತಾಗಿದವು ಸಾಯುತ್ತವೆ, ಗೂಡು ಬೇರೆ ದಾರಿ ಹಿಡಿಯುತ್ತದೆ, ಬೆಂಕಿಯ ಅಪಾಯವೂ ಮನೆಗೆ ಸೇರುತ್ತದೆ. ಕಟ್ಟಿದ ಮನೆಗಳಿಗಾಗಿ ಭಾರತೀಯ ಮಾನಕ ಐಎಸ್ 6313ರ ಮೂರನೆಯ ಭಾಗ ಸೂಚಿಸುವ ಕ್ರಮದಂತೆ ನೆಲ ಗೋಡೆ ಕೂಡುವ ಸಾಲಿನಲ್ಲಿ ಸುಮಾರು 30 ಸೆಂಟಿಮೀಟರಿಗೆ ಒಂದರಂತೆ 12 ಮಿಲಿಮೀಟರ್ ಅಗಲದ ತೂತು ಕೊರೆದು, ಔಷಧವನ್ನು ನೆಲದೊಳಗೆ ಇಳಿಸಿ, ತೂತನ್ನು ಮುಚ್ಚಲಾಗುತ್ತದೆ. ಇಮಿಡಾಕ್ಲೋಪ್ರಿಡ್, ಫಿಪ್ರೊನಿಲ್‌ನಂಥ ಔಷಧಗಳು ತಕ್ಷಣ ಕೊಲ್ಲದೆ ನಿಧಾನವಾಗಿ ಕೆಲಸ ಮಾಡುವುದರಿಂದ, ಒಂದರ ಮೈಯನ್ನೊಂದು ನೆಕ್ಕುವ, ಬಾಯಿಂದ ಬಾಯಿಗೆ ಆಹಾರ ಹಂಚುವ ಗೆದ್ದಲಿನ ಅಭ್ಯಾಸವೇ ವಿಷವನ್ನು ಗೂಡಿನ ಉಳಿದವುಗಳಿಗೂ ದಾಟಿಸುತ್ತದೆ. ಆದರೆ ಈ ಸೀಮೆಯ ಮನೆಗಳಿಗೆ ಒಂದು ವಿಶೇಷ ಎಚ್ಚರಿಕೆ ಅಗತ್ಯ. ಗೆದ್ದಲನ್ನು ಕೊಲ್ಲುವ ಔಷಧ ರೇಷ್ಮೆಹುಳುವನ್ನೂ ಕೊಲ್ಲುತ್ತದೆ. ಅದರ ಅತ್ಯಲ್ಪ ಅಂಶ ಹಿಪ್ಪುನೇರಳೆ ಸೊಪ್ಪಿಗೆ, ತಟ್ಟೆಗೆ, ಚಂದ್ರಿಕೆಗೆ ಅಥವಾ ಕೈಗೆ ಅಂಟಿದರೂ ಸಾಕು, ಒಂದು ಬೆಳೆಯೇ ಕೈತಪ್ಪಬಹುದು. ಹುಳು ಸಾಕುವ ಮನೆಯಲ್ಲಿ, ಬಾವಿಯ ಬಳಿಯಲ್ಲಿ, ಹಿಪ್ಪುನೇರಳೆ ತೋಟದ ಅಂಚಿನಲ್ಲಿ ಇವನ್ನು ಬಳಸಕೂಡದು. ಅಲ್ಲಿ ಕಲ್ಲು, ಅಂತರ ಮತ್ತು ಒಣನೆಲವೇ ಔಷಧ.

ಮನೆಯೊಳಗೆ ಹಗೆಯಾದ ಈ ಜೀವಿ ಹೊರಗೆ ನೆಲದ ಸೇವಕ. ಬಿದ್ದ ಎಲೆ, ಒಣಕಡ್ಡಿ, ಸಗಣಿಗಳನ್ನು ಮಣ್ಣಿಗೆ ಮರಳಿಸುವುದು, ಗಟ್ಟಿನೆಲದಲ್ಲಿ ಮಳೆನೀರು ಇಂಗುವಂತೆ ಸುರಂಗ ತೋಡುವುದು ಅದರ ನಿತ್ಯದ ಕೆಲಸ. ಬಿಳಿಗಿರಿರಂಗನ ಬೆಟ್ಟದ ಕರಡಿಯ ಹೊಟ್ಟೆಪಾಡಿನಲ್ಲಿಯೂ ಅದಕ್ಕೆ ಪಾಲಿದೆ. ಆದ್ದರಿಂದ ಹೊಲದ ಹುತ್ತಕ್ಕೆ ವಿಷ ಸುರಿಯುವುದರಲ್ಲಿ ಅರ್ಥವಿಲ್ಲ, ಮನೆಯ ಹೊಸ್ತಿಲನ್ನು ಕಾಯುವುದರಲ್ಲಿದೆ. ಮುಂಗಾರಿಗೊಮ್ಮೆ, ಹಿಂಗಾರಿಗೊಮ್ಮೆ, ಟಾರ್ಚು ಹಿಡಿದು ಮನೆಯ ಬುಡವನ್ನು ಒಂದು ಸುತ್ತು ಬರುವ ಅಭ್ಯಾಸವನ್ನು ಪ್ರತಿಯೊಂದು ಮನೆಯೂ ಇಟ್ಟುಕೊಳ್ಳಲಿ. ಆ ಅರ್ಧ ಗಂಟೆಯಲ್ಲಿ ಕಣ್ಣಿಗೆ ಬಿದ್ದ ಒಂದು ಮಣ್ಣಿನ ಗೆರೆ ಒಂದು ಬಾಗಿಲುವಾಡವನ್ನು ಉಳಿಸುತ್ತದೆ.